ಕಣ್ಣು ಮುಚ್ಚಿದರೆ ಇಳಿಯುವ ಅಂಗೈ

೧೯೩೭, ಶ್ರಾವಣದ ಮೊದಲ ಸೋಮವಾರ, ಬೆಳಗಿನ ಐದೂವರೆ ಗಂಟೆ. ಮೂಡಲಗಿಯ ನಮ್ಮ ಮನೆಯ ಪೂಜೆಯ ಕೋಣೆಯಲ್ಲಿ ಅಪ್ಪ, ಅವ್ವ ಮತ್ತು ನಾನು. ನಾನು ಆಗ ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ. ದಿನ, ವೇಳೆ, ಹಾಜರಿದ್ದವರು ಯಾರು ಎಂದು ಮೊದಲು ಬರೆಯದೆ ನಮ್ಮ ಟ್ರೇನಿಂಗ್ ಕಾಲೇಜಿನಲ್ಲಿ ಯಾವ ಪಾಠವೂ ಶುರುವಾಗುತ್ತಿರಲಿಲ್ಲ. ಆ ರೂಢಿ ಇನ್ನೂ ಹೋಗಿಲ್ಲ.

ಅಪ್ಪನದು ಬೆಲ್ಲದ ವ್ಯಾಪಾರ. ದಿನಾ ಸ್ನಾನ ಮುಗಿಸಿ ಕಂಬಳಿಯ ಮೇಲೆ ಕುಳಿತು, ಕೊರಳಿನ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತ ಜಪ ಮಾಡುತ್ತಿದ್ದರು. ಲಿಂಗ ಕೈಜಾರಿ ನೆಲಕ್ಕೆ ಬಿದ್ದರೆ ಅಂಥವನು ಬದುಕಿರಬಾರದು ಎಂದು ನಂಬಿದ್ದ ಹಳೆಯ ಕಾಲದ ಮನುಷ್ಯ.

ಅಂದು ಕಿಟಕಿಯ ಗಾಳಿಗೆ ದೀಪ ಆರಿತು. ಕತ್ತಲಲ್ಲಿ ಅಪ್ಪನ ಜಪ ನಿಲ್ಲಲಿಲ್ಲ. ನಾನು ಕಡ್ಡಿ ಗೀರಿದೆ. ಅವರ ಅಂಗೈ ಮೊಳಕಾಲಿನ ಹತ್ತಿರಕ್ಕೆ ಇಳಿದು ವಾಲಿತ್ತು. ಲಿಂಗ ಬೆರಳುಗಳ ತುದಿಗೆ ಬಂದಿತ್ತು.

"ಅಪ್ಪಾ, ಕೈ ಎತ್ರಿ."

"ಎತ್ತೇ ಹಿಡದೀನಲ್ಲ ಯವ್ವಾ" ಎಂದರು, ಸಮಾಧಾನವಾಗಿ. ಆಮೇಲೆ ಕೆಳಗೆ ನೋಡಿದರು.

ಆ ಮುಖವನ್ನು ನಾನು ಮರೆತಿಲ್ಲ. ಬಲಗೈಯಿಂದ ಲಿಂಗವನ್ನು ಒತ್ತಿಹಿಡಿದು ಎದೆಗೆ ಅವಚಿಕೊಂಡರು. ನನ್ನ ಕೈಯಲ್ಲಿ ಕಡ್ಡಿ ಬೆರಳಿನ ತನಕ ಉರಿದದ್ದು ಸುಟ್ಟ ಮೇಲೆಯೇ ಗೊತ್ತಾದದ್ದು.

ಸೂಚನೆಗಳು ಮೊದಲೇ ಇದ್ದವು, ನಾವು ತಿಳಿದುಕೊಂಡಿರಲಿಲ್ಲ. ಕಾಲಿನಿಂದ ಚಪ್ಪಲಿ ಕಳಚಿದರೂ ಅಪ್ಪ ಹಾಗೆಯೇ ನಡೆದುಬಿಡುತ್ತಿದ್ದರು. ಬಚ್ಚಲಲ್ಲಿ ಮುಖಕ್ಕೆ ನೀರು ಹಾಕಿಕೊಳ್ಳುವಾಗ ಗೋಡೆಗೆ ವಾಲುತ್ತಿದ್ದರು. ನೆಲ ನೋಡಿಕೊಂಡೇ ಹೆಜ್ಜೆ ಇಡುತ್ತಿದ್ದರು. "ನೆಲದಾಗ ಏನರ ಕಳಕೊಂಡೀರೇನ್ರಿ, ದಿನಾ ಹುಡುಕ್ಕೋಂತ ನಡೀತೀರಿ?" ಎಂದು ಅವ್ವ ಕಾಡುತ್ತಿದ್ದಳು. ಅಂದು ಅವಳು ಆರಿದ ದೀಪವನ್ನು ಮತ್ತೆ ಹಚ್ಚಿಟ್ಟಳು. ಪೂಜೆಯಲ್ಲಿ ಮನಸ್ಸು ನಿಲ್ಲುತ್ತಿಲ್ಲ, ಅದಕ್ಕೇ ಶಿವ ಹೀಗೆ ಮಾಡಿದ ಎಂದು ಅಪ್ಪ ಒಂದೇ ಸಮನೆ ಹೇಳುತ್ತಿದ್ದರು. ನಾನು ಮೊದಲ ಸಲ ಶಾಲೆಗೆ ರಜೆ ಕೇಳಿ, ಅವರನ್ನು ಮೋಟಾರಿನಲ್ಲಿ ಗೋಕಾಕಕ್ಕೆ ಕರೆದುಕೊಂಡು ಹೊರಟೆ.

ದಾರಿಯಲ್ಲಿ ಸೆರಗಿನ ಮರೆಯಲ್ಲಿ ಕೈ ಚಾಚಿ, ಕಣ್ಣು ಮುಚ್ಚಿ, ಮತ್ತೆ ತೆರೆದು ನೋಡಿದೆ. ಕೈ ಇಟ್ಟಲ್ಲೇ ಇತ್ತು. ಗೋಕಾಕ ಮುಟ್ಟುವ ತನಕ ಅದನ್ನೇ ಮಾಡಿದೆ. ಪ್ರತಿ ಸಲವೂ ಹೆದರಿಕೆ ಕಡಿಮೆಯಾಗುವ ಬದಲು ಹೆಚ್ಚಾಗುತ್ತಿತ್ತು. ಇಷ್ಟು ಸುಲಭವಾದದ್ದು ಒಬ್ಬ ಮನುಷ್ಯನಿಂದ ಹೋಗಿಬಿಡಬಹುದೆಂದು ನನಗೆ ಗೊತ್ತೇ ಇರಲಿಲ್ಲ.

ಅಲ್ಲಿನ ಡಾಕ್ಟರು ಮುಂಬೈಯಲ್ಲಿ ಓದಿ ಬಂದವರು. ಅಪ್ಪನ ಕೆಳರೆಪ್ಪೆ ಎಳೆದು ನೋಡಿದರು. ನಾಲಿಗೆ ಹೊರಗೆ ಹಾಕಿಸಿದರು. ಅದು ಕೆಂಪಗೆ ನುಣುಪಾಗಿತ್ತು. ಪಾದ ಜೋಡಿಸಿ ನಿಂತು ಕಣ್ಣು ಮುಚ್ಚಲು ಹೇಳಿದರು. ಮರುಕ್ಷಣವೇ ಅಪ್ಪ ವಾಲಿದರು. ಡಾಕ್ಟರು ಮೊದಲೇ ಹಿಂದೆ ಕೈ ಕೊಟ್ಟು ನಿಂತಿದ್ದರು. ಮಲಗಿಸಿ, ಕಣ್ಣು ಮುಚ್ಚಿಸಿಯೇ ಕಾಲಿನ ಹೆಬ್ಬೆರಳನ್ನು ಹಿಡಿದು ಮೇಲೋ ಕೆಳಗೋ ಎಂದು ಕೇಳಿದರು. ಕೆಳಗೆ ಬಾಗಿಸಿದಾಗ ಅಪ್ಪ ಮೇಲೆ ಅಂದರು.

ಡಾಕ್ಟರು ನನಗೆ ತಿಳಿಯುವ ಹಾಗೆ ಹೇಳಿದರು. ಕೈಗೆ ಬಲವಿದೆ, ಎತ್ತು ಎನ್ನುವ ಅಪ್ಪಣೆಯೂ ಮಿದುಳಿನಿಂದ ಹೋಗುತ್ತಿದೆ. ಆದರೆ ಕೈ ಈಗ ಎಲ್ಲಿದೆ ಎಂದು ಕೀಲುಗಳಿಂದ, ಸ್ನಾಯುಗಳಿಂದ ಬೆನ್ನುಹುರಿಯ ಮೂಲಕ ಹಿಂದಕ್ಕೆ ಬರಬೇಕಾದ ಸುದ್ದಿ ಬರುತ್ತಿಲ್ಲ. ಬೆಳಕಿರುವಾಗ ಆ ಕೆಲಸವನ್ನು ಕಣ್ಣು ಮಾಡುತ್ತದೆ. ಮನಸ್ಸಿನ ತಪ್ಪು ಇದರಲ್ಲಿಲ್ಲ. ರಕ್ತ ಕೆಟ್ಟು ನರಗಳು ಸವೆಯುವ ಕಾಯಿಲೆ ಇದು. ತಡಮಾಡಿದರೆ ಕಾಲಿನ ಬಲವೂ ಹೋಗುತ್ತದೆ, ಆಮೇಲೆ ಔಷಧಕ್ಕೂ ಬಗ್ಗುವುದಿಲ್ಲ. ಚುಚ್ಚುಮದ್ದು ಇದೆ, ಒಪ್ಪಿದರೆ ನಾಳೆಯಿಂದಲೇ ಶುರುಮಾಡಬಹುದು.

"ಯಜಮಾನ್ರ, ಅದು ಪ್ರಾಣಿ ಯಕೃತ್ತಿನಿಂದ ತಯಾರಾಗತೈತ್ರಿ. ಮುಚ್ಚಿಟ್ಟು ಚುಚ್ಚೂದು ನನ್ನ ಕಡಿಂದ ಆಗೂದಿಲ್ಲ."

ಅಪ್ಪ ರುಮಾಲು ಕೈಗೆ ತೆಗೆದುಕೊಂಡರು. "ಅದನ್ನ ಮೈಯಾಗ ಹಾಕ್ಕೊಂಡು ಲಿಂಗಾ ಹ್ಯಾಂಗ ಹಿಡೀಲ್ರಿ?"

"ಹಾಕ್ಕೊಳ್ಳದಿದ್ರ ಯಾವ ಕೈಲೆ ಹಿಡೀತೀರ್ರಿ?"

ಅಪ್ಪ ರುಮಾಲು ಸುತ್ತಿಕೊಂಡು ಹೊರಗೆ ನಡೆದರು. ಒಪ್ಪಿರಿ ಎನ್ನಲು ನನಗೆ ಧೈರ್ಯ ಸಾಲಲಿಲ್ಲ. ಒಪ್ಪದಿದ್ದರೆ ಒಂದು ಬೆಳಗ್ಗೆ ಲಿಂಗ ಬೀಳುತ್ತದೆ, ಅದರ ಹಿಂದೆಯೇ ಅಪ್ಪನೂ ಹೋಗುತ್ತಾರೆ ಎಂದೂ ಗೊತ್ತಿತ್ತು.

ಸಂಜೆ ದೀಪ ಹಚ್ಚಿಟ್ಟೆ. ಅಪ್ಪ ಕಂಬಳಿಯ ಮೇಲೆ ಕುಳಿತರು. ಕರಡಿಗೆ ತೆಗೆಯಲಿಲ್ಲ. ಬರಿಯ ಅಂಗೈ ಮೇಲೆ ಒಂದು ಬಿಲ್ವಪತ್ರೆ ಇಟ್ಟುಕೊಂಡು ಕಣ್ಣಿನ ಮಟ್ಟಕ್ಕೆ ಎತ್ತಿದರು.

"ನಾ ಕಣ್ಣು ಮುಚ್ಚತೀನಿ. ನೀ ಏನೂ ಹೇಳಬ್ಯಾಡ."

ಮುಚ್ಚಿದರು. ಜಪ ನಡೆದಿತ್ತು. ಬೆರಳುಗಳು ಮೊದಲು ಒಂದೊಂದಾಗಿ ಅಲುಗಿದವು, ಆಮೇಲೆ ಕೈ ಪೂರ್ತಿ ಇಳಿಯತೊಡಗಿತು. ಎಲೆ ಜಾರಿ ಕಂಬಳಿಯ ಮೇಲೆ ಬಿತ್ತು. ಅಪ್ಪನ ಮುಖ ಮಾತ್ರ, ಕೈ ಇನ್ನೂ ಎತ್ತಿದಂತೆಯೇ ಇದೆ ಎನ್ನುವ ಹಾಗೆ ಶಾಂತವಾಗಿತ್ತು. ಕೂಗಿಬಿಡುತ್ತೇನೆಂದು ಸೆರಗು ಕಚ್ಚಿದೆ. ಬಾಗಿಲಲ್ಲಿ ಅವ್ವ ನಿಂತಿದ್ದಳು.

ಕಣ್ಣು ತೆರೆದು ಅಪ್ಪ ಬಹಳ ಹೊತ್ತು ಎಲೆಯನ್ನು ನೋಡಿದರು. ಆಮೇಲೆ ದೀಪವನ್ನು ಹತ್ತಿರ ಎಳೆದುಕೊಂಡು, ಲಿಂಗ ತೆಗೆದು, ದೃಷ್ಟಿ ಕದಲಿಸದೆ ಪೂಜೆ ಮುಗಿಸಿದರು. ನಾನು ಅವರ ಅಂಗೈ ಕೆಳಗೆ ಎರಡೂ ಕೈ ಚಾಚಿಕೊಂಡೇ ಇದ್ದೆ.

ಕರಡಿಗೆ ಮುಚ್ಚುತ್ತ ಕೇಳಿದರು: "ನಾಳೇನೂ ಸಾಲಿಗೆ ರಜಾ ಕೊಡ್ತಾರೇನ ನಿನಗ?"

"ಕೊಡ್ತಾರ್ರಿ ಅಪ್ಪಾ."

ಅವ್ವ ಒಳಗೆ ಹೋಗಿ ಮಡಿಸಿಟ್ಟ ಧೋತರ ತೆಗೆದಳು. ನಾನು ರಜೆಯ ಅರ್ಜಿ ಬರೆದೆ, ಪೂಜೆಯ ಕೋಣೆಯ ಕಿಟಕಿಯ ಅಗಳಿ ಹಾಕಿದೆ, ಬೆಳಗಿಗೆಂದು ಎರಡು ದೀಪಗಳಿಗೆ ಎಣ್ಣೆ ತುಂಬಿಟ್ಟೆ.