ಮಣಿಕಟ್ಟಿನವರೆಗಿನ ತೋಳು

ಈ ಬೇಸಿಗೆಯ ಶುರುವಿನಲ್ಲಿ ಒಂದು ಬೆಳಿಗ್ಗೆ ಪಕ್ಕದ ಮನೆಯ ಜಗಲಿಯಲ್ಲಿ ಯಾರೋ ಹೊಲಿಗೆ ಮೆಷಿನ್ ಬಿಚ್ಚಿಟ್ಟುಕೊಂಡು ಎಣ್ಣೆ ಬಿಡುತ್ತಿದ್ದರು. ಆ ವಾಸನೆ ನನ್ನ ಕಾಫಿಯ ಲೋಟದೊಳಗೂ ಬಂದು ಕೂತಿತು. ಅದೇ ಹೊತ್ತಿಗೆ ಶಾಂತಿ ಬಂದಳು. ಶಾಂತಿ ನಮ್ಮ ಬೀದಿಯ ಸ್ಕೂಲ್ ಟೀಚರ್. ಯಾರಾದರೂ ಸುಮ್ಮನೆ ಕೂತಿದ್ದರೆ ಅವಳಿಗೆ ತಡೆಯಲಾಗದು.

"ಆಂಟಿ, ಬೇಸಿಗೆ ರಜೆಯಲ್ಲಿ ತೋಟದ ಲೈನ್ ಮನೆಗಳ ಮಕ್ಕಳಿಗೆ ಫೀಸಿಲ್ಲದೆ ಕ್ಲಾಸ್ ಮಾಡ್ತಾ ಇದ್ದೇವೆ. ನೀವು ಸ್ಪೋಕನ್ ಇಂಗ್ಲಿಷ್ ತಗೊಳ್ಳಿ. ನಿಮ್ಮದು ಕಾನ್ವೆಂಟ್ ಇಂಗ್ಲಿಷ್ ಅಲ್ವಾ."

ನನ್ನ ಕಾನ್ವೆಂಟ್ ಇಂಗ್ಲಿಷಿಗೆ ಈಗ ನನ್ನಷ್ಟೇ ವಯಸ್ಸಾಗಿದೆ, ಅದಕ್ಕೂ ಮಂಡಿನೋವು. ನಾಳೆ ಹೇಳುತ್ತೇನೆ ಎಂದೆ. ಬೇಡ ಎಂಬುದನ್ನು ಮರ್ಯಾದೆಯಾಗಿ ಹೇಳುವ ರೀತಿ ಅದು, ನನಗೆ ಕಲಿಸಿದ್ದು ಕಾನ್ವೆಂಟಿನ ಸಿಸ್ಟರ್‌ಗಳೇ. ಅವಳು ಹೋದಳು, ಎಣ್ಣೆಯ ವಾಸನೆ ಹೋಗಲಿಲ್ಲ. ಅದು ನನ್ನನ್ನು ಕೊಡಗಿನ ಕುಟ್ಟದ ನಮ್ಮ ಕಾಫಿ ತೋಟಕ್ಕೆ, ಮಾವಿಯ ಹತ್ತಿರಕ್ಕೆ ಎಳೆದುಕೊಂಡು ಹೋಯಿತು.

ಮಾವಿ ಅಂದರೆ ನಮ್ಮ ಕೊಡವರಲ್ಲಿ ಸೋದರತ್ತೆ. ನನ್ನ ಅಪ್ಪನ ತಂಗಿ, ದೇಚಮ್ಮ ಮಾವಿ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡ ಮೇಲೆ ಒಂದು ಕೈಮೆಷಿನ್ ಮತ್ತು ಒಂದು ಟ್ರಂಕ್ ಜೊತೆ ತವರಿಗೆ ಬಂದವಳು. ನಾನಾಗ ಮಡಿಕೇರಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಓದುತ್ತಿದ್ದೆ. ಮಡಿಕೇರಿಯನ್ನು ಸ್ಟೈಲಾಗಿ ಮರ್ಕೇರ ಅನ್ನುತ್ತಿದ್ದ ಕಾಲ. ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಸೀಮೆಎಣ್ಣೆಗೂ ಬಟ್ಟೆಗೂ ರೇಷನ್ನು. ಬೇಸಿಗೆ ರಜೆಗೆ ಮನೆಗೆ ಬಂದರೆ ಮಾವಿ ಸಿಗುತ್ತಿದ್ದುದು ಮನೆಯಲ್ಲಲ್ಲ, ಪಲ್ಪಿಂಗ್ ಹೌಸಿನಲ್ಲಿ.

ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಶೆಡ್ಡು ಬೇಸಿಗೆಯಲ್ಲಿ ಖಾಲಿ. ಹುಳಿ ವಾಸನೆ ಮಾತ್ರ ಗೋಡೆ ಬಿಟ್ಟು ಹೋಗುವುದಿಲ್ಲ. ಮಾವಿ ಅದನ್ನು ತೊಳೆಸಿ, ಲೈನಿನ, ಅಂದರೆ ತೋಟದ ಆಳುಗಳ ಸಾಲುಮನೆಗಳ, ಮಕ್ಕಳನ್ನು ಕೂರಿಸಿಕೊಂಡಳು. ಚಿಕ್ಕವರಿಗೆ ಅಕ್ಷರ, ದೊಡ್ಡ ಹುಡುಗಿಯರಿಗೆ ಹೊಲಿಗೆ. ಫೀಸು ಒಂದು ತುಂಡು ಸೌದೆ. ಆ ಸೌದೆಯಲ್ಲೇ ಗಂಜಿ ಬೆಂದು ಮಕ್ಕಳ ಹೊಟ್ಟೆಗೆ ಹೋಗುತ್ತಿತ್ತು.

"ನನ್ನ ತೋಟದ ಸೌದೆ, ನನ್ನ ಅಕ್ಕಿ, ನನ್ನ ಶೆಡ್ಡು," ಎಂದು ಅಪ್ಪ ಊಟಕ್ಕೆ ಕೂತಾಗ ಗೊಣಗುತ್ತಿದ್ದರು. "ಇದರಲ್ಲಿ ನಿನ್ನದೇನು ದೇಚು?"

"ಬೆನ್ನುನೋವು," ಎನ್ನುತ್ತಿದ್ದಳು ಮಾವಿ, ಸಾರು ಬಡಿಸುತ್ತಾ.

ಅದು ತಮಾಷೆಯಲ್ಲ. ಮೊದಮೊದಲು ದೊಡ್ಡ ಹುಡುಗಿಯರು ಬರುತ್ತಲೇ ಇರಲಿಲ್ಲ. ತಾಯಂದಿರು ತೋಟದಲ್ಲಿರುವಾಗ ಕೂಸುಗಳು ಅವರ ಸೊಂಟದ ಮೇಲೆ. ಕೂಸು ಹೊತ್ತು ಸೂಜಿ ಹಿಡಿಯುವುದು ಹೇಗೆ? ಕೂಸನ್ನೂ ಕರೆತನ್ನಿ ಎಂದಳು ಮಾವಿ. ಶೆಡ್ಡಿನ ತೊಲೆಗಳಿಗೆ ಹಳೇ ಸೀರೆಯ ಜೋಲಿಗಳು ಸಾಲಾಗಿ ಬಿದ್ದವು. ಎಲ್ಲ ಜೋಲಿಗೂ ಸೇರಿಸಿ ಒಂದೇ ಹಗ್ಗ, ಹಗ್ಗದ ತುದಿ ಮಾವಿಯ ಕಾಲ್ಬೆರಳಿಗೆ. ಕೈ ಮೆಷಿನ್ ತಿರುಗಿಸುತ್ತಿತ್ತು, ಬಾಯಿ ಕಾಗುಣಿತ ಹೇಳಿಸುತ್ತಿತ್ತು, ಕಾಲು ಜಗ್ಗುತ್ತಿತ್ತು. ಒಂದು ಕೂಸು ಎದ್ದರೆ ಉಳಿದವೂ ಎದ್ದು ರಾಗ ತೆಗೆಯುತ್ತಿದ್ದವು. ಸಂಜೆ ಮನೆಗೆ ಬಂದವಳು ಬಚ್ಚಲ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿರುತ್ತಿದ್ದಳು, ಕಾಲಿಗೆ ನೀರು ಹಾಕಿಕೊಳ್ಳಲೂ ಮರೆತು. ಆ ಕೂರುವಿಕೆ ನನಗಾಗ ಅರ್ಥವಾಗಿರಲಿಲ್ಲ. ಈಗ ನಾನೂ ಹಾಗೆಯೇ ಕೂರುತ್ತೇನೆ, ಏನೂ ಮಾಡದೆಯೇ.

ನಾನು ಅಲ್ಲಿ ಅಸಿಸ್ಟೆಂಟ್. ನಗಬೇಡಿ. ಮಕ್ಕಳಿಗೆ "ಗುಡ್ ಈವ್ನಿಂಗ್ ಮಿಸ್" ಎಂದು ಮಂಡಿ ಬಗ್ಗಿಸಿ ಹೇಳುವುದನ್ನು ಕಲಿಸಿದ್ದು ನಾನೇ. ಅವರು ಅದನ್ನು ಬೆಳಿಗ್ಗೆಯೂ ಹೇಳಿದರು, ಎಮ್ಮೆಗೂ ಹೇಳಿದರು.

ಒಂದು ವರ್ಷದ ಹುಡುಗಿಯರಲ್ಲಿ ಸಣ್ಣಿ ಎಂಬುವಳಿದ್ದಳು. ಮೈಸೂರು ಕಡೆಯಿಂದ ಆಳು ಕರೆತರುವ ಮೇಸ್ತ್ರಿಯ ಗಾಡಿಯಲ್ಲಿ ಬಂದ ಕೆಂಪಮ್ಮನ ಮಗಳು, ನನಗಿಂತ ತುಸು ದೊಡ್ಡವಳು. ಬಯಲುಸೀಮೆಯ ಆ ಜನ ನಮ್ಮ ಸುಗ್ಗಿಯ ಪುತ್ತರಿ ಹಬ್ಬ ಕಳೆದು ಕಾಫಿ ಕೊಯ್ಲಿಗೆ ಬರುವರು, ಗಿಡ ಸವರುವ ಕಪಾತು, ಗುಂಡಿ ತೋಡುವ ಕೆಲಸ ಎಲ್ಲ ಮುಗಿಸಿ ಮುಂಗಾರು ಹಿಡಿಯುವ ಮೊದಲು ಊರಿಗೆ ಹೊರಡುವರು. ಸಣ್ಣಿಯ ಊರಿನಲ್ಲಿ ಒಬ್ಬ ಟೈಲರ್ ಸಾಬರು. ಅವರ ಹೆಂಡತಿಗೆ ಕೈಯಾಸರೆಗೆ ಒಬ್ಬ ಹುಡುಗಿ ಬೇಕಾಗಿತ್ತಂತೆ. ಷರತ್ತು ಒಂದೇ, ಪೂರಾ ತಾನೇ ಹೊಲಿದ ಒಂದು ರವಿಕೆ ತಂದು ತೋರಿಸಬೇಕು. ತೋರಿಸಿದರೆ ಅಜ್ಜಿಯ ಜೊತೆ ಊರಲ್ಲೇ ಇರಬಹುದು. ಇಲ್ಲವಾದರೆ ಮುಂದಿನ ವರ್ಷದಿಂದ ಅವಳೂ ಕೊಯ್ಲಿನ ಆಳು, ಮೇಸ್ತ್ರಿ ಆಗಲೇ ಹೇಳಿಬಿಟ್ಟಿದ್ದ.

"ಮಳೆ ತಡವಾಗ್ಲಿ ಅಂತ ಕೇಳ್ಕೊಳ್ತಾ ಇದೀನಿ," ಎಂದಿದ್ದಳು ಸಣ್ಣಿ ನನ್ನ ಬಳಿ ಗುಟ್ಟಾಗಿ. ನಮ್ಮ ಮನೆಯಲ್ಲಿ ಎಲ್ಲರೂ ಮಳೆಗಾಗಿ ಆಕಾಶ ನೋಡುತ್ತಿದ್ದ ದಿನಗಳವು. ನಾನು ಯಾರ ಪಕ್ಷ ಸೇರಬೇಕೋ ತಿಳಿಯದೆ ಪ್ರೇಯರ್ ಹೇಳುವುದನ್ನೇ ಬಿಟ್ಟೆ.

ಸಣ್ಣಿಯ ಕೈ ಚುರುಕು. ಬೆನ್ನು, ಎದೆ, ಕುತ್ತಿಗೆ ಎಲ್ಲ ಬೇಗ ಬಂತು. ನಿಂತದ್ದು ತೋಳಿನಲ್ಲಿ. ರವಿಕೆಗೆ ನಾವು ಜಾಕೆಟ್ ಅನ್ನುತ್ತಿದ್ದೆವು. ಕೊಡವ ಹೆಂಗಸರ ಜಾಕೆಟಿಗೆ ಆಗ ಮಣಿಕಟ್ಟಿನವರೆಗೆ ತೋಳು. ಮೇಲೆ ಒಂದು ಸುಕ್ಕೂ ಕಾಣದಂತೆ ಭುಜಕ್ಕೆ ಕೂರಬೇಕು, ಕೆಳಗೆ ಸಪೂರವಾಗಿ ಇಳಿಯಬೇಕು, ಕೊನೆಗೆ ಕೈಪಟ್ಟಿ, ಗುಂಡಿ. ಬಿಚ್ಚು, ಮತ್ತೆ ಹಾಕು, ಎನ್ನುತ್ತಿದ್ದಳು ಮಾವಿ. ಹಳೇ ಹಾಸಿಗೆ ಬಟ್ಟೆಯಲ್ಲಿ ಹೊಲಿದ ತೋಳುಗಳು ಬಿಚ್ಚಿ ಬಿಚ್ಚಿ ಬಲೆಯಂತಾದವು. ಅಳತೆ ಮಾವಿಯ ಮೈಯದೇ. ಕೆಂಪಮ್ಮ ಬೆಳಕು ಹರಿಯುವಾಗ ತೋಟಕ್ಕೆ ಹೋದರೆ ಸಂಜೆ ಗಂಟೆ ಹೊಡೆದ ಮೇಲೆ ತನ್ನ ಕೂಸನ್ನು ಎತ್ತಿಕೊಳ್ಳಲು ಬಾಗಿಲವರೆಗೆ ಬರುವಳು, ಒಳಗೆ ಕಾಲಿಡುವಷ್ಟು ತ್ರಾಣ ಅವಳಿಗೂ ಇರುತ್ತಿರಲಿಲ್ಲ. ಕೊನೆಗೆ ಮಾವಿ ತನ್ನ ಟ್ರಂಕಿನಿಂದ ನೀಲಿ ಹೂವಿನ ಹೊಸ ಬಟ್ಟೆ ತೆಗೆದು ಕೊಟ್ಟಳು. ರೇಷನ್ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ಒಂದು ತೋಳು ಕೂತಿತ್ತು, ಇನ್ನೊಂದು ಬಾಕಿ. ಅಷ್ಟರಲ್ಲಿ ಮೋಡ ಬೇಗ ಕಟ್ಟಿತು. ಮಧ್ಯಾಹ್ನ ಮೇಸ್ತ್ರಿ ಶೆಡ್ಡಿನ ಬಾಗಿಲಿಗೇ ಬಂದ.

"ನಾಳೆ ಬೆಳಿಗ್ಗೆ ಗಾಡಿ ಕಟ್ತೀವಿ. ಮಕ್ಕಳನ್ನ ಬೇಗ ಬಿಡಿ ಅಮ್ಮಾವ್ರೆ."

"ನಾಲ್ಕು ದಿನ ತಡೆದರೆ ಆಗದಾ ಮೇಸ್ತ್ರಿ?"

"ಮಳೆಗೆ ಹೇಳಿ, ನಂಗಲ್ಲ. ಹೊಳೆ ಬಂದ್ರೆ ಎತ್ತು ದಾಟಾಕಿಲ್ಲ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ತಪ್ಪಿದ್ದರೆ ಜಗಳವಾಡಬಹುದಿತ್ತು. ಮಾವಿ ಕಾಲಿನ ಹಗ್ಗ ಬಿಚ್ಚಿ ನನ್ನ ಕಾಲಿಗೆ ಕಟ್ಟಿ, ಸಣ್ಣಿಯ ಪಕ್ಕ ಕೂತಳು. ಎರಡನೇ ತೋಳು ಮೊದಲ ಸಲ ಸೊಟ್ಟಗಾಯಿತು, ಬಿಚ್ಚಿದರು. ಮತ್ತೆ ಸುಕ್ಕು, ಬಿಚ್ಚಿದರು. ಸಂಜೆಯ ಗಂಟೆ ಹೊಡೆಯುವಾಗ ತೋಳಿನ್ನೂ ಕಚ್ಚಾ ಹೊಲಿಗೆಯ ಟಾಕಿನಲ್ಲೇ ನೇತಾಡುತ್ತಿತ್ತು. ಸಣ್ಣಿ ಅಳಲಿಲ್ಲ. ಸೂಜಿಗೆ ಮತ್ತೆ ದಾರ ಪೋಣಿಸಿದಳು.

ಕೆಂಪಮ್ಮ ಬಂದಳು. ಅವತ್ತು ಮಗಳು ಏಳದಿದ್ದುದನ್ನು ನೋಡಿ ಮೊದಲ ಬಾರಿಗೆ ಒಳಗೆ ಬಂದಳು. ಮೆಷಿನ್ನಿನ ಮೇಲಿಂದ ಉದ್ದಕ್ಕೆ ಇಳಿಬಿದ್ದಿದ್ದ ತೋಳನ್ನು ಬೆರಳಿನಿಂದ ಎತ್ತಿ ನೋಡಿದಳು.

"ಇದೇನು ಅಮ್ಮಾವ್ರೆ, ಗಂಡಸ್ರ ಅಂಗಿಯಾ?"

"ರವಿಕೆ. ನಿಮ್ಮೂರಿನ ಸಾಬರ ಹೆಂಡತಿಗೆ ತೋರಿಸಲಿಕ್ಕೆ."

"ನಮ್ಮೂರಲ್ಲಿ ಯಾರವ್ವ ಇಷ್ಟುದ್ದ ತೋಳು ಆಕ್ಕೊಂತಾರೆ? ಸೆಕೆಗೆ ಬೆಂದೋಗ್ತಾರೆ. ಮೊಣಕೈ ಮೇಲೆ ಇಷ್ಟು," ಎಂದು ಕೆಂಪಮ್ಮ ತನ್ನ ತೋಳಿನ ಮೇಲೆ ಕೈಯನ್ನೇ ಕತ್ತಿಯಂತೆ ಇಟ್ಟು ತೋರಿಸಿದಳು.

ಬೇಸಿಗೆ ಇಡೀ ಆ ಹುಡುಗಿ ಮೊಣಕೈಯ ಕೆಳಗಿನ ತೋಳಿಗಾಗಿ ಕೂತಿದ್ದಳು, ತನಗೆ ಎಂದೂ ಬೇಕಾಗದ ತೋಳಿಗಾಗಿ. ನಮ್ಮ ಮನೆಯ ಹೆಂಗಸರಿಗೆ ತೋಳು ಅಂದರೆ ಮಣಿಕಟ್ಟಿನವರೆಗೆ. ಬೇರೆ ಇರಬಹುದು ಎಂದು ಹೊಳೆದೇ ಇರಲಿಲ್ಲ.

"ನಿನಗೆ ಗೊತ್ತಿತ್ತಾ ಸಣ್ಣಿ?" ಎಂದಳು ಮಾವಿ.

"ಊಂ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಕೇಳ್ಲಿಲ್ಲ ಅಮ್ಮಾವ್ರೆ. ಇದು ಬಂದ್ರೇನೆ ಟೈಲರ್ ಆಗೋದು ಅನ್ಕೊಂಡೆ."

ಮಾವಿ ಕತ್ತರಿ ತೆಗೆದುಕೊಂಡಳು. ಕೂತಿದ್ದ ಮೊದಲ ತೋಳನ್ನು ಮೊಣಕೈಯ ಮೇಲೆ ಸರಕ್ಕನೆ ಕತ್ತರಿಸಿದಳು. ನೇತಾಡುತ್ತಿದ್ದ ಎರಡನೆಯದನ್ನೂ. ನೀಲಿ ಹೂವಿನ ಬಟ್ಟೆ ನೆಲಕ್ಕೆ ಬಿತ್ತು.

"ಈಗ ನೀನೇ ಕೂರಿಸು. ನಾನು ಮುಟ್ಟುವುದಿಲ್ಲ," ಎಂದಳು.

ಗಿಡ್ಡ ತೋಳಿಗೆ ಭಾರವಿಲ್ಲ, ಎಳೆತವಿಲ್ಲ. ಉದ್ದದ್ದಕ್ಕೆ ಪಳಗಿದ್ದ ಕೈಗೆ ಅದು ಆಟವಾಯಿತು. ಗಂಜಿಯ ಪಾತ್ರೆ ತೊಳೆದು ಮುಗಿಯುವುದರೊಳಗೆ ರವಿಕೆ ಆಯಿತು, ಒಂದು ಸುಕ್ಕಿಲ್ಲ. ಕೆಂಪಮ್ಮ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಮರುದಿನ ಗಾಡಿಗಳು ಹೊರಟವು. ಮಾವಿ ಜ್ವರ ಎಂದು ಮಲಗಿದ್ದಳು. ಜ್ವರವಿರಲಿಲ್ಲ.

ಆ ವರ್ಷ ಕ್ರಿಸ್‌ಮಸ್ ರಜೆಗೆ ನಾನು ಮನೆಗೆ ಬಂದಾಗಲೇ ಮೇಸ್ತ್ರಿಯ ಗಾಡಿಗಳೂ ಬಂದವು. ಮಾವಿ ಕಣದ ಅಂಚಿಗೆ ಹೋಗಿ ನಿಂತಳು. ಕೆಂಪಮ್ಮ ಇಳಿದಳು, ನಡೆಯಲು ಕಲಿತಿದ್ದ ಕೂಸು ಇಳಿಯಿತು.

"ಸಣ್ಣಿ?"

"ಸಾಬ್ರ ಮನೇಲವಳೆ ಅಮ್ಮಾವ್ರೆ. ಕೈ ತುಂಬ ಕೆಲ್ಸ."

"ಒಳ್ಳೆಯದಾಯಿತು," ಎಂದಳು ಮಾವಿ. ಅಂದವಳು ಅಲ್ಲಿಂದ ಕದಲಲಿಲ್ಲ. ಕೊನೆಯ ಗಾಡಿ ಖಾಲಿಯಾಗುವವರೆಗೆ ನೋಡುತ್ತಲೇ ನಿಂತಿದ್ದಳು. ಬಾರದಿರಲೆಂದೇ ಕಲಿಸಿದವಳು, ಬಾರದೇ ಹೋದಾಗ ಹಾಗೆ ನಿಲ್ಲುತ್ತಾಳೆ ಎಂದು ನನಗೆ ಯಾವ ಸಿಸ್ಟರೂ ಹೇಳಿಕೊಟ್ಟಿರಲಿಲ್ಲ. ಮುಂದಿನ ಬೇಸಿಗೆಗಳಲ್ಲಿ ಶೆಡ್ಡಿಗೆ ಬಂದ ಪ್ರತಿ ಹೊಸ ಹುಡುಗಿಗೂ ಮಾವಿಯ ಮೊದಲ ಪ್ರಶ್ನೆ ಒಂದೇ: "ನಿಮ್ಮೂರಲ್ಲಿ ತೋಳು ಎಲ್ಲಿವರೆಗೆ?"

ನಾಳೆ ಎಂದಿದ್ದಕ್ಕೆ ಸರಿಯಾಗಿ ಮರುದಿನ ಶಾಂತಿ ಉತ್ತರಕ್ಕೆ ಬಂದಳು. ಬೇಡ ಎನ್ನುವುದಕ್ಕೆ ಬೇಕಾದ ಒಳ್ಳೊಳ್ಳೆಯ ವಾಕ್ಯಗಳು ನನ್ನಲ್ಲಿದ್ದವು. ಅವುಗಳ ಬದಲು, "ಆ ಮಕ್ಕಳಿಗೆ ಏನು ಬೇಕಂತೆ?" ಎಂದೆ. ಅವಳೂ ಕೇಳಿರಲಿಲ್ಲ. ಇಬ್ಬರೂ ಆಟೋ ಹಿಡಿದು ಲೈನಿಗೆ ಹೋದೆವು. ಅಲ್ಲಿನ ದೊಡ್ಡ ಹುಡುಗಿಯರು ಒಬ್ಬರ ಹಿಂದೊಬ್ಬರು ಅಡಗಿ ನಗುತ್ತಾ ಕೊನೆಗೆ ಹೇಳಿದರು, ಸೈಕಲ್. ಹೈಸ್ಕೂಲ್ ದೂರ, ಬಸ್ ನಂಬುವಂತಿಲ್ಲ, ಸೈಕಲ್ ಹೊಡೆಯಲು ಬಂದರೆ ಮುಂದೆ ಓದಲು ಮನೆಯಲ್ಲಿ ಬಿಡುತ್ತಾರೆ.

ಹೀಗಾಗಿ ಈಗ ದಿನಾ ಸಂಜೆ ಹುಡುಗಿಯರು ಸೈಕಲ್ ಕಲಿಯುವ ತೋಟದ ರಸ್ತೆಯ ತಿರುವಿನಲ್ಲಿ ನನಗೊಂದು ಪ್ಲಾಸ್ಟಿಕ್ ಕುರ್ಚಿ. ಆ ಕಡೆಯಿಂದ ಲಾರಿ ಬಂದರೆ ಕೂಗುವುದು ನನ್ನ ಕೆಲಸ. ಮನೆಗೆ ಬರುವಾಗ ಸೊಂಟ ಬಿದ್ದುಹೋಗಿರುತ್ತದೆ. ನನ್ನ ಕಾನ್ವೆಂಟ್ ಇಂಗ್ಲಿಷ್ ಸವೆದು ಸವೆದು 'ಸ್ಟಾಪ್' ಎಂಬ ಒಂದೇ ಪದಕ್ಕೆ ಬಂದು ನಿಂತಿದೆ. ಲಾರಿಯವರು ಅದನ್ನು ಕೇಳಿ ನಿಲ್ಲಿಸುತ್ತಾರೆ. ಹುಡುಗಿಯರು ನಿಲ್ಲಿಸುವುದಿಲ್ಲ.