ಕೇಳಿ ಚೆಲ್ಲಿದ ಚರಗ

ನಾನು ಚಿಕ್ಕವನಿದ್ದಾಗ ನಮ್ಮ ಹೊಲ ನೀರಿನ ಕೆಳಗಿತ್ತು. ವಿಜಾಪುರದ ಕಡೆ, ಕೃಷ್ಣಾ ನದಿಯ ದಂಡೆಗಿದ್ದ ನಾಲ್ಕು ಎಕರೆ ಕರಿ ಭೂಮಿ ಅದು. ಅಣೆಕಟ್ಟಿನ ಹಿನ್ನೀರು ಬಂದಾಗ ಹೊಲ ಹೋಯಿತು, ಜೊತೆಗೆ ಊರೂ ಹೋಯಿತು. ಅಪ್ಪ, ಅವ್ವ, ಅಕ್ಕ ಮತ್ತು ನಾನು ಗೋವಾದ ಫೋಂಡಾಕ್ಕೆ ಬಂದು ಒಂದು ಬಾಡಿಗೆ ಖೋಲಿಯಲ್ಲಿ ಇಳಿದುಕೊಂಡೆವು. ಅಪ್ಪ ಕಟ್ಟಡದ ಕೆಲಸಗಳಲ್ಲಿ ಸಿಮೆಂಟ್ ಕಲಸುತ್ತಿದ್ದ. ಅಕ್ಕ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಳು. ಅವಳು ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಹಾಗಾಗಿಯೇ ಅವಳ ಮೊಮ್ಮಕ್ಕಳಾದ ನೀವು, ನನ್ನ ತಲೆ ಪೂರ್ತಿ ನೆರೆಯುವ ಮೊದಲೇ, ನನ್ನನ್ನೂ ಅಜ್ಜ ಎನ್ನತೊಡಗಿದಿರಿ. ನಾನು ಹೇಳುವುದು ಸಾವಿರದ ಒಂಬೈನೂರ ತೊಂಬತ್ತರ ಸುಮಾರಿನ ಒಂದು ಎಳ್ಳಮಾವಾಸ್ಯೆಯ ದಿನದ ಸಂಗತಿ. ಆಗ ನನಗೆ ಹತ್ತು ವರ್ಷ.

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಬೆಳೆ ಹೊತ್ತು ನಿಂತ ಭೂಮಿ ಬಸುರಿ ಹೆಂಗಸಿದ್ದಂತೆ ಎಂದು ನಂಬಿಕೆ. ಆದ್ದರಿಂದ ಮಾಡಿದ ಅಡುಗೆಯನ್ನು ಮೊದಲು ಅವಳಿಗೆ ಉಣಿಸಬೇಕು. ಅಡುಗೆ ಕಲಸಿ ಹೊಲದ ತುಂಬ ಚೆಲ್ಲುವುದನ್ನು ಚರಗ ಎನ್ನುತ್ತಾರೆ. ಅವಳು ಉಣ್ಣುವ ತನಕ ಮನೆಯವರು ಒಂದು ತುತ್ತನ್ನೂ ಬಾಯಿಗಿಡುವಂತಿಲ್ಲ. ಮೂರು ವರ್ಷ ಸತತವಾಗಿ ಚರಗ ಚೆಲ್ಲದ ಮನೆ ಒಕ್ಕಲುತನದ ಮನೆಯಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಫೋಂಡಾಕ್ಕೆ ಬಂದ ಮೇಲೆ ಎರಡು ಅಮಾವಾಸ್ಯೆ ಹಾಗೆಯೇ ಕಳೆದಿದ್ದವು. ಇದು ಮೂರನೆಯದು. ಅಪ್ಪ ಅದರ ಸುದ್ದಿ ಎತ್ತುತ್ತಿರಲಿಲ್ಲ. ಆದರೆ ಏನು ಉದ್ಯೋಗ ಎಂದು ಯಾರಾದರೂ ಕೇಳಿದರೆ, ಕೈಗೆ ಸಿಮೆಂಟ್ ಹತ್ತಿದ್ದಾಗಲೂ, "ಒಕ್ಕಲುತನ" ಎಂದೇ ಹೇಳುತ್ತಿದ್ದ.

ಉಪಾಯ ಹೇಳಿದವಳು ಅಕ್ಕ. "ನಮ್ಮ ಕಾರ್ಖಾನ್ಯಾಗ ದಿವಾರದಾಕಿ ಒಬ್ಬಾಕಿ ಅದಾಳಪ್ಪಾ. ಹೊಳಿ ನಡುವಿನ ಊರಂತ. ಅಲ್ಲಿ ಇನ್ನೂ ಹೊಲ ಅದಾವಂತ."

"ಕಂಡವರ ಹೊಲದಾಗ ಕೂಳ ಚೆಲ್ಲಾಕ ನಾವೇನು ಕಾಗೀನ?" ಎಂದ ಅಪ್ಪ.

ಅವ್ವನ ಕಾಲು ಉಳುಕಿತ್ತು. ಮಣೆಯ ಮೇಲೆ ಕುಳಿತು ಸಜ್ಜೆ ಕಡಬು ತಟ್ಟುತ್ತಿದ್ದ ಅವಳು ತಲೆ ಎತ್ತದೆ ಹೇಳಿದಳು: "ಕದ್ದು ಚೆಲ್ಲಬ್ಯಾಡ್ರಿ. ಹೊಲದವರನ್ನ ಕೇಳಿ ಚೆಲ್ರಿ. ಕೇಳಿದ್ರ ಯಾರೂ ಹೊಡ್ಯಾಂಗಿಲ್ಲ."

ಅಪ್ಪ ಒಪ್ಪಿದ. ಕೇಳದೆ ಒಂದು ಅಗುಳನ್ನೂ ಚೆಲ್ಲುವುದಿಲ್ಲ, ಕೇಳಲು ಯಾರೂ ಸಿಗದಿದ್ದರೆ ಗಂಟು ವಾಪಸು ತರುವುದು ಎಂದು ಕರಾರು ಹಾಕಿದ.

ಅಪ್ಪನ ಹಳೆಯ ಸೈಕಲ್ ಒಂದು, ಪಕ್ಕದ ಖೋಲಿಯವರಿಂದ ಅಕ್ಕ ಕೇಳಿ ತಂದದ್ದು ಒಂದು. ನಾನು ಅಕ್ಕನ ಹಿಂದೆ, ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಬಿಳಿ ಬಟ್ಟೆಯೊಳಗೆ ಕಡಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಮೊಸರನ್ನ, ಚರಗಕ್ಕೆಂದು ಒಂದು ಸಣ್ಣ ಬುಟ್ಟಿ ಇದ್ದವು. ಬಿಸಿ ಬಟ್ಟೆ ದಾಟಿ ತೊಡೆಗೆ ತಾಗುತ್ತಿತ್ತು. ಬೆಲ್ಲ ಮತ್ತು ಏಲಕ್ಕಿಯ ವಾಸನೆ ದಾರಿಯುದ್ದಕ್ಕೂ ಮೂಗಿನ ಮುಂದೆಯೇ ಇತ್ತು. ಫರ್ಮಾಗುಡಿಯ ಏರಿನಲ್ಲಿ ಇಳಿದು ಸೈಕಲ್ ತಳ್ಳಿದೆವು. ಮಾರ್ದೋಳ ದಾಟಿ, ಬಾಣಸ್ತಾರಿಯ ಸೇತುವೆಯ ಮೇಲೆ ಒಂದು ಗಳಿಗೆ ನಿಂತು, ಹತ್ತು ಗಂಟೆಯ ಹೊತ್ತಿಗೆ ಹಳೇ ಗೋವಾ ತಲುಪಿದೆವು.

ಅಲ್ಲಿ ಮನೆಗಳಿಗಿಂತ ಇಗರ್ಜಿಗಳೇ, ಅಂದರೆ ಚರ್ಚುಗಳೇ, ಹೆಚ್ಚು. ಒಂದು ದೊಡ್ಡ ಇಗರ್ಜಿಯ ಕೆಂಪುಕಲ್ಲಿನ ಗೋಡೆ ಹಾಗೇ ಬೆತ್ತಲಾಗಿತ್ತು. ಅಪ್ಪ ಕೈಯಿಂದ ಕಲ್ಲು ಸವರಿ, "ಇಷ್ಟ ದೊಡ್ಡದ ಕಟ್ಟಿ ಗಿಲಾವ ಹೊಡದಿಲ್ಲಲ್ಲೋ, ಗೌಂಡಿ ಓಡಿ ಹೋದ್ನೇನು?" ಎಂದ. ದಕ್ಕೆಗೆ ಇಳಿಯುವ ದಾರಿಯಲ್ಲಿ ಊರಬಾಗಿಲಿನಂಥ ಒಂದು ಎತ್ತರದ ಕಲ್ಲಿನ ಕಮಾನು ನಿಂತಿತ್ತು. ನಾವು ಅದರ ಕೆಳಗೆ ಸೈಕಲ್ ಹಾಯಿಸಿದೆವು. ಹಿಂದೊಂದು ಕಾಲಕ್ಕೆ ಅಲ್ಲಿ ದೊಡ್ಡ ಪಟ್ಟಣವಿತ್ತೆಂದು ಅಕ್ಕ ಹೇಳಿದಳು. ಅಪ್ಪ ಹಿಂದಿರುಗಿ ನೋಡಿದ. "ಊರು ಹೋಗಿ ಅಗಸಿ ಉಳದೈತಿ. ನಮ್ಮೂರಿಂದು ಅಗಸೀನೂ ಉಳೀಲಿಲ್ಲ," ಎಂದು ಮುಂದೆ ನಡೆದ.

ಮಾಂಡವಿ ಹೊಳೆಯನ್ನು ಫೆರಿಯಲ್ಲಿ ದಾಟಿದೆವು. ಫೆರಿ ಎಂದರೆ ಜನ, ಸೈಕಲ್, ಕಾರು ಎಲ್ಲವನ್ನೂ ಹೊತ್ತು ದಾಟಿಸುವ ಚಪ್ಪಟೆ ದೋಣಿ. ಡೀಸೆಲ್ಲಿನ ವಾಸನೆ, ಒಣಮೀನಿನ ಬುಟ್ಟಿಗಳು, ಕಬ್ಬಿಣದ ತಳದ ನಡುಕ. ಅಪ್ಪ, ಅಕ್ಕ ಸೈಕಲ್ ಹಿಡಿದುಕೊಂಡು ನೀರು ನೋಡುತ್ತ ನಿಂತರು. ನಾನು ಗಂಟು ಕಾಯುತ್ತ ಮೂಲೆಯಲ್ಲಿ ಕುಳಿತೆ.

ದಿವಾರದಲ್ಲಿ ರಸ್ತೆ ಮಟ್ಟಸವಾಗಿತ್ತು. ಎರಡೂ ಬದಿ ಗದ್ದೆಗಳು, ದೂರದಲ್ಲಿ ದಿಣ್ಣೆಯ ಮೇಲೊಂದು ಬಿಳಿ ಇಗರ್ಜಿ. ಸೈಕಲ್ಲಿನ ಸರಪಳಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹೊಲಗಳೇನೋ ಇದ್ದವು. ಆದರೆ ಭತ್ತ ಕೊಯ್ದು ಆಗಿತ್ತು. ಕೂಳೆ ಉಳಿದ ಗದ್ದೆಗಳಲ್ಲಿ ಬೆಳ್ಳಕ್ಕಿಗಳು ಓಡಾಡುತ್ತಿದ್ದವು. ಬೆಳೆ ನಿಂತ ಹೊಲವೇ ಬೇಕು, ಬಸುರಿಯಲ್ಲದವಳಿಗೆ ಬಯಕೆಯ ಊಟ ಹಾಕುವುದು ಹ್ಯಾಗೆ ಎಂದ ಅಪ್ಪ. ಬೆಳೆ ಕಂಡಲ್ಲಿ ಮನುಷ್ಯರಿರಲಿಲ್ಲ. ಹಳೆಯ ದೊಡ್ಡ ಮನೆಗಳ ಮುಂದೆ ಇಳಿದು ಕೂಗಿದೆವು. ಗಾಜಿನ ಬದಲು ಸಿಂಪಿನ ಚಿಪ್ಪು ಕೂರಿಸಿದ ಕಿಟಕಿಗಳು, ಉದ್ದನೆಯ ಜಗಲಿ, ಬಾಗಿಲಿಗೆ ಬೀಗ. ಒಬ್ಬ ಹೆಂಗಸು ಹಿಂದಿಯಲ್ಲಿ, ಗದ್ದೆಯವರು ಮುಂಬೈಯಲ್ಲಿದ್ದಾರೆ ಎಂದಳು. ಇನ್ನೊಂದು ಮನೆಯವರು ಸಮುದ್ರದಾಚೆಯ ದೇಶದಲ್ಲಿದ್ದರು. ದ್ವೀಪದ ಆ ತುದಿಯಿಂದ ಈ ತುದಿಗೆ ಮೂರು ತಾಸು ತುಳಿದೆವು.

"ಯಾರಿಲ್ಲಂದ್ರ ಯಾರನ್ನ ಕೇಳೂದಪ್ಪಾ? ಒಂದ ಮೂಲ್ಯಾಗ ಚೆಲ್ಲಿ ಹೋಗೂನು," ಎಂದಳು ಅಕ್ಕ. ಅವಳ ರವಿಕೆ ಬೆವರಿಗೆ ಬೆನ್ನಿಗೆ ಅಂಟಿತ್ತು.

"ಕಳವಿಂದು ಚರಗ ಆಗಾಂಗಿಲ್ಲ," ಎಂದ ಅಪ್ಪ. ಸೈಕಲ್ಲನ್ನು ದಕ್ಕೆಯ ಕಡೆ ತಿರುಗಿಸಿದ.

ಆಗ ಹೊಳೆಯ ಒಡ್ಡಿನ ಮೇಲೆ ಒಬ್ಬ ಮುದುಕರು ಕಂಡರು. ಚಡ್ಡಿ, ಬನಿಯನ್ನು, ತಲೆಗೆ ಹುಲ್ಲಿನ ಟೋಪಿ. ಒಡ್ಡಿನ ಕೆಳಗೆ ಒಂದು ತುಂಡು ಹೊಲದಲ್ಲಿ ಅಳಸಂದೆ ಹೂಬಿಟ್ಟಿತ್ತು, ಮೆಣಸಿನಗಿಡಗಳು ಮೊಣಕಾಲುದ್ದ ಬೆಳೆದಿದ್ದವು. ಅಪ್ಪ ಚಪ್ಪಲಿ ಬಿಟ್ಟು ಹತ್ತಿರ ಹೋಗಿ, ತನಗೆ ಬರುವ ಹರಕು ಹಿಂದಿಯಲ್ಲಿ ಶುರು ಮಾಡಿದ. ಅವರು ಕೈ ಅಡ್ಡ ಮಾಡಿದರು. "ಕನ್ನಡದಾಗ ಹೇಳು, ಭಾವು. ಲೋಂಡಾದ ಬೇಕರ್‍ಯಾಗ ಹತ್ತು ವರ್ಷ ರೊಟ್ಟಿ ಬೇಯ್ಸೇನಿ."

"ಯಜಮಾನ್ರ, ಈ ಹೊಲ ನಿಮ್ದೇನ್ರಿ?"

"ನಂದು. ಯಾಕ, ತಗೋತಿಯೇನು?"

"ಇಲ್ರಿ. ಭೂಮ್ತಾಯಿಗೆ ಊಟಾ ಹಾಕಬೇಕಾಗೇತ್ರಿ."

"ಭೂಮಿಗೆ ಊಟ? ನಂದೇ ಇನ್ನ ಗಂಜಿ ಆಗಿಲ್ಲ!"

ಅಕ್ಕ ನಕ್ಕು, ಗಂಟು ಬಿಚ್ಚಿ ತೋರಿಸಿದಳು. ಅಡುಗೆಯ ಮೇಲೆ ಅವ್ವ ಇಟ್ಟಿದ್ದ ಅರಿಸಿನ, ಕುಂಕುಮದ ಪೊಟ್ಟಣ ಕಾಣುತ್ತಲೇ ಮುದುಕರು ಎರಡು ಹೆಜ್ಜೆ ಹಿಂದೆ ಸರಿದರು.

"ಹೋದ ತಿಂಗಳ ಯಾರೋ ಈ ಒಡ್ಡಿನ ಮ್ಯಾಲ ನಿಂಬಿಹಣ್ಣು, ಕುಂಕುಮ ಇಟ್ಟು ಹೋದ್ರು. ಎಂಟ ದಿನಕ್ಕ ನನ್ನ ಎಮ್ಮಿ ಸತ್ತತು. ನಾನು ಇಗರ್ಜಿಗೆ ಹೋಗಾವ, ಮಾಟ ಗೀಟ ನಂಬಾಂಗಿಲ್ಲ. ಆದ್ರ ಎಮ್ಮಿ ಸತ್ತದ್ದು ಖರೇ."

"ಇದು ಅಂಥಾದ್ದಲ್ರಿ. ಹಬ್ಬದ ಅಡಗಿ."

"ಹಾಂಗಾರ ಮೊದಲ ನೀವು ತಿನ್ರಿ. ನನ್ನ ಮುಂದ ತಿನ್ರಿ. ಆಮ್ಯಾಲ ಬೇಕಾದಷ್ಟು ಚೆಲ್ರಿ."

ಅಪ್ಪ ಕೈ ಮುಗಿದ. "ಅದೊಂದು ಆಗಾಂಗಿಲ್ರಿ, ಯಜಮಾನ್ರ. ಆಕಿಗಿಂತ ಮೊದಲ ನಾವು ತಿಂದ್ರ ಇದು ಚರಗ ಅಲ್ಲ, ಬರೇ ಎಂಜಲ."

"ಹಾಂಗಾರ ನನ್ನ ಹೊಲದಾಗ ಬ್ಯಾಡ."

ಇಬ್ಬರಲ್ಲಿ ಯಾರೂ ದನಿ ಏರಿಸಲಿಲ್ಲ. ಅಪ್ಪ ಕುಳಿತು ಗಂಟನ್ನು ಮತ್ತೆ ಕಟ್ಟತೊಡಗಿದ. ಮೂರನೆಯ ಅಮಾವಾಸ್ಯೆಯೂ ಹೋಯಿತೆಂದು ನನಗೆ ಗೊತ್ತಾಯಿತು.

"ನಾ ತಿಂದೇನಿ," ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು.

"ಹತ್ತೂವರಿ ಫೆರಿಯಾಗ. ಒಂದು ಕಡಬು. ಭಾಳ ಹಸಿವಾಗಿತ್ತು."

ಮುದುಕರು ನನ್ನ ಗದ್ದ ಹಿಡಿದೆತ್ತಿ, ಕಣ್ಣು ಬಿಡಿಸಿ, ನಾಲಿಗೆ ಚಾಚಿಸಿ ನೋಡಿದರು. "ಹತ್ತೂವರಿಗೆ ತಿಂದಾನ. ಈಗ ಎರಡಾತು. ಪೋರ ಬದಕ್ಯಾನ!" ಎಂದು ಹೊಟ್ಟೆ ಕುಣಿಯುವಂತೆ ನಕ್ಕರು. "ಚೆಲ್ಲು ಭಾವು, ಚೆಲ್ಲು. ನನ್ನ ತಕರಾರಿಲ್ಲ."

ಹೊಲದವರು ಒಪ್ಪಿದ್ದಾಯಿತು. ಆದರೆ ಅಪ್ಪನ ಕೈ ಏಳಲಿಲ್ಲ. ಅಡುಗೆ ಈಗಾಗಲೇ ಎಂಜಲಾಗಿತ್ತು, ಎಂಜಲು ಮಾಡಿದವನು ನಾನು. ಹೊಡೆತಕ್ಕೆ ತಯಾರಾಗಿ ತಲೆ ತಗ್ಗಿಸಿದೆ.

ಅಕ್ಕ ಅಪ್ಪನ ಎದುರು ಕುಕ್ಕರಗಾಲಲ್ಲಿ ಕುಳಿತಳು. "ಅಪ್ಪಾ, ಇವನ ತಾಟಿನ್ಯಾಗ ಉಳದದ್ದನ್ನ ಅವ್ವ ದಿನಾ ಉಣ್ತಾಳಲ್ಲ. ಎಂದರ ಎಂಜಲ ಅಂದಾಳೇನು? ಇಕೀನೂ ತಾಯಿ ಅಂತ ಕರದ ಮ್ಯಾಲ, ಉಣ್ಣಾಂಗಿಲ್ಲ ಅಂತಾಳೇನು?"

ಅಪ್ಪ ಹೊಳೆಯ ಕಡೆ ನೋಡುತ್ತ ಕುಳಿತ. ಅದಿರು ತುಂಬಿದ ಒಂದು ಬಾರ್ಜು ನಿಧಾನವಾಗಿ ತಿರುವು ದಾಟಿ ಮರೆಯಾಗುವ ತನಕ ಹಾಗೇ ಕುಳಿತಿದ್ದ. ಆಮೇಲೆ ನನ್ನ ತಲೆಗೆ ಬೆರಳಗಂಟಿನಿಂದ ಒಂದು ಕುಟ್ಟಿ, "ಖರೇ ಹೇಳು, ಒಂದನ?" ಎಂದ.

"ಮೂರು," ಎಂದೆ.

ಅಪ್ಪ ಧೋತರ ಎತ್ತಿ ಕಟ್ಟಿ ಹೊಲಕ್ಕಿಳಿದ. ಎಲ್ಲದರಲ್ಲೂ ಸ್ವಲ್ಪ ತೆಗೆದು ಅಕ್ಕ ಕಲಸಿಕೊಟ್ಟ ಬುಟ್ಟಿ ಎಡಗೈಯಲ್ಲಿ, ಬಲಗೈಯಿಂದ ಒಂದೊಂದೇ ಹಿಡಿ ಅಳಸಂದೆಯ ಸಾಲುಗಳ ಮೇಲೆ ಬೀಸಿ, "ಹುಲ್ಲುಲಿಗ್ಯೋ!" ಎಂದು ಚರಗದ ಕೂಗು ಹಾಕಿದ. ಹಿಂದೆ ನೀರು ಚಿಮುಕಿಸುತ್ತ ಬಂದ ಅಕ್ಕ, ನಾನು "ಸಲಾಂಬ್ರಿಗ್ಯೋ!" ಎಂದು ದನಿಗೂಡಿಸಿದೆವು. ಅದು ಇಪ್ಪತ್ತು ಹೆಜ್ಜೆಗೆ ಮುಗಿಯುವ ಹೊಲ. ಅಪ್ಪ ನಾಲ್ಕು ಎಕರೆಗೆ ಕೇಳುವಂತೆ ಕೂಗುತ್ತಿದ್ದ. ಪಕ್ಕದ ಗದ್ದೆಯ ಬೆಳ್ಳಕ್ಕಿಗಳೆಲ್ಲ ಎದ್ದು ಹೋದವು.

ಒಡ್ಡಿನ ಮೇಲೆ ನಾಲ್ವರೂ ಕುಳಿತು ಉಂಡೆವು. ಪುಂಡಿ ಪಲ್ಯ ಚಲೋ ಐತಿ, ಒಂದು ಒಣಮೀನು ಬಿದ್ದಿದ್ದರೆ ಇನ್ನೂ ಚಲೋ ಆಗುತ್ತಿತ್ತು ಎಂದರು ಮುದುಕರು. ಉಂಡ ಮೇಲೆ ಅವರು ಒಡ್ಡಿನಲ್ಲಿದ್ದ ಮರದ ತೂಬು ತೋರಿಸಿದರು. ಉಬ್ಬರ ಬಂದಾಗ ಹೊಳೆ ಹೊಲಕ್ಕಿಂತ ಎತ್ತರಕ್ಕೇರುತ್ತದೆ. ಆಗ ಆ ತೂಬಿನ ಬಾಗಿಲು ತಾನಾಗಿ ಮುಚ್ಚಿ ಉಪ್ಪುನೀರನ್ನು ಹೊರಗೇ ತಡೆಯುತ್ತದೆ. ಅಪ್ಪ ಮೊಣಕಾಲೂರಿ ಆ ಹಲಗೆಗಳನ್ನು ಬಹಳ ಹೊತ್ತು ನೋಡಿದ. "ನಮ್ಮೂರಿಗೆ ಇಂಥಾದ್ದೊಂದು ಬಾಗಲಾ..." ಎನ್ನುತ್ತ ಮೊಣಕಾಲಿನ ಮಣ್ಣು ಕೊಡವಿ ಎದ್ದ.

ಸಂಜೆ ಮನೆ ಮುಟ್ಟಿದಾಗ ಅವ್ವ ಇಷ್ಟೇ ಕೇಳಿದಳು: "ಕೇಳಿದ್ರಿ?"

"ಕೇಳಿದ್ವಿ," ಎಂದ ಅಪ್ಪ. ಆ ಮುದುಕರು ಇರುವ ತನಕ ಪ್ರತಿ ಎಳ್ಳಮಾವಾಸ್ಯೆಗೆ ಅದೇ ಹೊಲಕ್ಕೆ ಹೋದೆವು. ಪ್ರತಿ ಸಲವೂ ಅಪ್ಪ ಹೊಸದಾಗಿ ಕೇಳುತ್ತಿದ್ದ.

ಹೋದ ಚಳಿಗಾಲದಲ್ಲಿ ನೀವು ನಿಮ್ಮ ಅವ್ವನ ಜೊತೆ ದಿವಾರಕ್ಕೆ ಹೋಗಿ ಬಂದಿರಿ. ನಿಮ್ಮವು ಬಾಡಿಗೆಯ ಪುಟ್ಟ ಸೈಕಲ್ಲುಗಳು, ತಲೆಗೆ ಹೆಲ್ಮೆಟ್ಟು, ಬೆನ್ನಿಗೆ ನೀರಿನ ಬಾಟಲಿ. ನಾವು ಅಗಸಿ ಎಂದು ದಾಟಿದ ಕಮಾನನ್ನು ಯಾರು, ಯಾವಾಗ ಕಟ್ಟಿದರೆಂದು ಫೋನು ನಿಮಗೆ ಓದಿ ಹೇಳಿತು. ಫೆರಿಯಲ್ಲೇ ಡಬ್ಬಿ ಬಿಚ್ಚಿ ತಿಂದಿರಿ, ಯಾರೂ ತಡೆಯಲಿಲ್ಲ. ದಾರಿ ಯಾರನ್ನೂ ವಿಚಾರಿಸಬೇಕಾಗಲಿಲ್ಲ. ನಕ್ಷೆಯಲ್ಲಿ ಇಡೀ ದ್ವೀಪ ಹಸಿರಾಗಿತ್ತು. ಹೊಲವೊಂದರ ನಡುವೆ ಸೈಕಲ್ ನಿಲ್ಲಿಸಿ ಫೋಟೊ ತೆಗೆಸಿಕೊಂಡು ನನಗೆ ಕಳಿಸಿದಿರಿ. ಅದು ಯಾರ ಹೊಲ ಎಂದು ನಾನು ಕೇಳಿದೆ. "ಯಾರದೂ ಅಲ್ಲಜ್ಜಾ, ಖಾಲಿ ಐತಿ," ಎಂದಿರಿ.

ಖಾಲಿ ಹೊಲಗಳು ಆಗಲೂ ಬೇಕಾದಷ್ಟಿದ್ದವು. ನಾವು ಮೂರು ತಾಸು ಸೈಕಲ್ ತುಳಿದದ್ದು, ಕೇಳಲು ಒಬ್ಬರು ಸಿಗಲೆಂದು.