ನರ್ಸಕ್ಕನ ಕಾರಿಗೆ ಹೊಸ ಸೆನ್ಸರ್

ಕೋಲಸಿರ್ಸಿಯಲ್ಲಿ ನಮ್ಮ ಪಕ್ಕದ ಮನೆಯ ನರ್ಸಕ್ಕ ಆಸ್ಪತ್ರೆಗೆ ತಾವೇ ಕಾರು ಹೊಡೆದುಕೊಂಡು ಹೋಗುತ್ತಿದ್ದರು. ಆ ಹಳೆಯ ಕಾರು ಒಮ್ಮೆಲೇ ಪೆಟ್ರೋಲು ಕುಡಿಯತೊಡಗಿತು. ಹೊಗೆಯನ್ನು ಅಳೆದು ಎಂಜಿನ್ನಿಗೆ ಎಷ್ಟು ಪೆಟ್ರೋಲು ಬೇಕೆಂದು ತಿಳಿಸುವ ಆಕ್ಸಿಜನ್ ಸೆನ್ಸರ್ ಕೆಟ್ಟಿರಬೇಕು ಎಂದು ಆಸ್ಪತ್ರೆಯ ಡ್ರೈವರ್ ಹೇಳಿದ್ದ.

ಅಕ್ಕ ಇದನ್ನು ಎಷ್ಟು ಸಲ ಹೇಳಿದರೂ ಶಿರಸಿಯ ಗ್ಯಾರೇಜಿನವ ಬಾನೆಟ್ಟನ್ನೂ ಎತ್ತುತ್ತಿರಲಿಲ್ಲ. "ಹೆಂಗಸ್ರು ಆಕ್ಸಿಲರೇಟರ್ ಜಾಸ್ತಿ ಒತ್ತುದು. ಕಾಲು ಹಗುರ ಇಡಿ," ಎನ್ನುತ್ತಿದ್ದ.

ಅಕ್ಕ ಪ್ರತಿ ಸಲವೂ ಸೆರಗು ಸೊಂಟಕ್ಕೆ ಸಿಕ್ಕಿಸಿ, "ನನ್ನ ಕಾಲು ಸರಿ ಇದೆ, ಕಾರು ನೋಡು," ಎನ್ನುತ್ತಿದ್ದರು.

ಕೊನೆಗೆ ತಮ್ಮ ಅಣ್ಣನನ್ನು ಕರೆದೊಯ್ದರು. ಜೊತೆಗೆ ನಾನೂ ಇದ್ದೆ. ಕಾರು ಹೊಡೆಯಲೇ ಬಾರದ ಆ ಅಣ್ಣ, ಅಕ್ಕ ಹೇಳಿಕೊಟ್ಟಿದ್ದನ್ನೇ ಒಪ್ಪಿಸಿದ: "ಆಕ್ಸಿಜನ್ ಸೆನ್ಸರ್ ಹೋಗಿರ್ಬೇಕು."

"ಹೌದು ಸಾರ್, ಅದೇ ಇರ್ಬೇಕು!" ಎಂದ ಗ್ಯಾರೇಜಿನವ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಹುಬ್ಬಳ್ಳಿಯಿಂದ ಹೊಸ ಸೆನ್ಸರ್ ತರಿಸಿ ಹಾಕಿದ ಮೇಲೆ ಪೆಟ್ರೋಲಿನ ಖರ್ಚು ಹಿಡಿತಕ್ಕೆ ಬಂತು. ಆದರೆ ನಾವು ಮೂವರೂ ಕಾರು ತರಲು ಹೋದ ದಿನ ಗ್ಯಾರೇಜಿನವ ಕೀಲಿಯನ್ನು ಅಣ್ಣನ ಕೈಗಿಟ್ಟು, "ಇನ್ನಾದ್ರೂ ಅವ್ರಿಗೆ ನಿಧಾನ ಹೊಡಿಲಿಕ್ಕೆ ಹೇಳಿ," ಎಂದ. ಅಣ್ಣ ತಲೆಯಾಡಿಸಿದ.

ಅಕ್ಕ ಅಣ್ಣನ ಕೈಯಿಂದ ಕೀಲಿ ಕಸಿದುಕೊಂಡು ನನ್ನತ್ತ ತಿರುಗಿದರು.

"ನೀ ಹತ್ತು. ಅಂವ ಬಸ್ಸಿಗೆ ಬರ್ಲಿ."